ಹಳೆ ಗಾಡಿಗೆ ಹೊಸ ಕೀ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬೀಗದ ಕೈಗಳದೇ ಸರದಿ. ಕೀಲಿಕೈ ಅನ್ನಿ, ಚಾವಿ ಅನ್ನಿ, ಕೀ ಅನ್ನಿ, ಕಳೆದ ಮೇಲೆ ಪಡುವ ಪೇಚು ಒಂದೇ. ಕಾರ್ಖಾನೆಯಿಂದ ಹೊರಬಂದು ಎಷ್ಟೋ ವರ್ಷವಾದರೂ ಇನ್ನೂ ಓಡುತ್ತಿರುವ ಬೈಕುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

1992ರ ಆರ್‌ಎಕ್ಸ್ 100 ಇದೆ. ಎರಡೂ ಕೀ ಕಳೆದುಹೋಗಿವೆ. ಪುಣ್ಯಕ್ಕೆ ಹ್ಯಾಂಡಲ್ ಲಾಕ್ ಹಾಕಿರಲಿಲ್ಲ. ‘ಬೀಗ ಒಡೆದು ಹೊಸ ಲಾಕ್ ಸೆಟ್ ಹಾಕಿಬಿಡೋಣ’ ಅನ್ನುತ್ತಾರೆ ಮೆಕ್ಯಾನಿಕ್. ಬೇರೆ ದಾರಿ ಇಲ್ಲವೇ?
– ಓದುಗರು, ಹಾಸನ

ಇದೆ, ಮೂರು ದಾರಿ ಇವೆ. ಒಡೆಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕೀ ಕಳೆದರೂ ಅದರ ಅಳತೆ ಬೀಗದೊಳಗೆ ಹಾಗೇ ಕೂತಿರುತ್ತದೆ. ಸ್ಕ್ರೂಡ್ರೈವರ್ ತುರುಕಿ ತಿರುಚಿದರೆ ಆ ಅಳತೆಯೂ ಹೋಯಿತು, ಅದರ ಕೆಳಗಿರುವ ಸ್ವಿಚ್ಚೂ ಹೋಯಿತು.

ಬೈಕಿನ ಬೀಗದಲ್ಲಿ ಒಂದರ ಹಿಂದೆ ಒಂದು ತೆಳುವಾದ ಹಿತ್ತಾಳೆ ಪ್ಲೇಟುಗಳಿರುತ್ತವೆ. ಪ್ರತಿ ಪ್ಲೇಟಿಗೂ ಒಂದು ಸಣ್ಣ ಸ್ಪ್ರಿಂಗು, ನಡುವೆ ಒಂದು ಕಿಟಕಿ. ಕಿಟಕಿ ಎಷ್ಟು ಎತ್ತರದಲ್ಲಿದೆ ಅನ್ನುವುದು ಪ್ಲೇಟಿನಿಂದ ಪ್ಲೇಟಿಗೆ ಬೇರೆ. ಸರಿಯಾದ ಕೀ ಹೋದಾಗ ಎಲ್ಲ ಪ್ಲೇಟುಗಳೂ ಒಳಗಿನ ತಿರುಗುವ ಉರುಳೆಯ, ಅಂದರೆ ಬ್ಯಾರಲ್‌ನ ಮೈಮಟ್ಟಕ್ಕೆ ಬಂದು ನಿಲ್ಲುತ್ತವೆ, ಆಗ ಮಾತ್ರ ಬ್ಯಾರಲ್ ತಿರುಗುತ್ತದೆ. ಒಂದು ಪ್ಲೇಟು ಅರ್ಧ ಮಿಲಿಮೀಟರ್ ಹೊರಗೆ ಉಳಿದರೂ ಬೀಗ ಬಿಡುವುದಿಲ್ಲ. ಕೀ ಮೇಲಿನ ಒಂದೊಂದು ಕಚ್ಚೂ ಒಂದೊಂದು ಪ್ಲೇಟಿನ ಅಳತೆ. ಹಾಗಾಗಿ ಪ್ಲೇಟುಗಳನ್ನು ಓದಬಲ್ಲವರು ಕೀ ಇಲ್ಲದೆಯೂ ಕೀ ಮಾಡಬಲ್ಲರು.

ಮೊದಲನೆಯ ದಾರಿ ನಂಬರು. ಜಪಾನ್ ಮೂಲದ ಗಾಡಿಗಳ ಅಸಲು ಕೀ ಮೇಲೆ ಒಂದು ಸಂಖ್ಯೆ ಒತ್ತಿರುತ್ತಿತ್ತು. ಹೊಸ ಗಾಡಿಯ ಕೀಗೊಂಚಲಿಗೆ ಚಿಕ್ಕ ಬಿಲ್ಲೆ ಕಟ್ಟಿ ಅದರ ಮೇಲೂ ಅದೇ ಸಂಖ್ಯೆ ಹಾಕಿ ಕೊಡುವುದಿತ್ತು. ಮಾಲೀಕರ ಕೈಪಿಡಿಯ ಮೊದಲ ಪುಟ, ಹಳೆಯ ಡೆಲಿವರಿ ರಸೀದಿ, ಗಾಡಿ ತಂದ ದಿನದ ಪ್ಲಾಸ್ಟಿಕ್ ಕವರು, ದೇವರ ಕೋಣೆಯ ಡಬ್ಬಿ ಎಲ್ಲ ಒಮ್ಮೆ ಹುಡುಕಿ. ಕೆಲವು ಬೀಗಗಳ ಮೈಮೇಲೂ ಸಂಖ್ಯೆ ಇರುತ್ತದೆ, ಬಿಚ್ಚಿದ ಮೇಲೆ ಕಾಣುತ್ತದೆ. ಸಂಖ್ಯೆ ಸಿಕ್ಕರೆ, ಸಂಖ್ಯೆಯಿಂದ ಕೀ ಕತ್ತರಿಸುವ ಯಂತ್ರ ಮತ್ತು ಪಟ್ಟಿ ಇಟ್ಟುಕೊಂಡಿರುವ ದೊಡ್ಡ ಅಂಗಡಿಯಲ್ಲಿ ಕೆಲಸ ಆಗಬಹುದು. ಸವೆಯದ, ಹೊಸ ಅಳತೆಯ ಕೀ ಬರುವುದು ಈ ದಾರಿಯಲ್ಲಿ ಮಾತ್ರ. ಛಾಸಿ ನಂಬರಿಗೂ ಕೀ ನಂಬರಿಗೂ ಮಾತ್ರ ಸಂಬಂಧ ಕಲ್ಪಿಸಬೇಡಿ, ಛಾಸಿ ನಂಬರು ನೋಡಿ ಕೀ ಕತ್ತರಿಸಲು ಬರುವುದಿಲ್ಲ.

ಎರಡನೆಯದು ಬೀಗವನ್ನೇ ಕೀ ಮಾಡುವವರ ಬಳಿಗೆ ಒಯ್ಯುವುದು. ಎಂಬತ್ತು-ತೊಂಬತ್ತರ ದಶಕದ ನೂರು ಸಿಸಿ ಗಾಡಿಗಳಲ್ಲಿ ಹಲವಕ್ಕೆ ಇಗ್ನಿಷನ್ ಬೇರೆ, ಹ್ಯಾಂಡಲ್ ಲಾಕ್ ಬೇರೆ. ಅಂಥವುಗಳಲ್ಲಿ ಇಗ್ನಿಷನ್ ಸ್ವಿಚ್ ಬಿಚ್ಚಲು ಕೀ ಬೇಕಾಗಿಲ್ಲ. ಹೆಡ್‌ಲೈಟ್ ಬಿಚ್ಚಿ ಅದರ ಕವಚದ (ಡೂಮ್) ಒಳಗೆ ವೈರುಗಳನ್ನು ಜೋಡಿಸಿರುವ ಕಪ್ಲರ್ ಕಳಚಿ, ಸ್ವಿಚ್ ಹಿಡಿದಿರುವ ಸ್ಕ್ರೂ ಅಥವಾ ನಟ್‌ಗಳನ್ನು ಕೆಳಗಿನಿಂದ ತೆಗೆದರೆ ವೈರು ಸಮೇತ ಕೈಗೆ ಬರುತ್ತದೆ. ಕಳಚುವ ಮೊದಲು ವೈರು ಹಾದುಹೋಗಿರುವ ದಾರಿಯ ಫೋಟೋ ತೆಗೆದುಕೊಳ್ಳಿ. ತಿರುಗಿ ಹಾಕುವಾಗ ವೈರು ಹ್ಯಾಂಡಲಿಗೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡರೆ ತಿಂಗಳೊಳಗೆ ಒಳಗೇ ತುಂಡಾಗುತ್ತದೆ. ಸ್ವಿಚ್ಚಿನ ತಳದ ಪ್ಲಾಸ್ಟಿಕ್ ಮುಚ್ಚಳವನ್ನು ಕುತೂಹಲಕ್ಕೂ ತೆರೆಯಬೇಡಿ, ಒಳಗಿನ ಸ್ಪ್ರಿಂಗು, ಗುಂಡು, ಕಾಂಟ್ಯಾಕ್ಟ್ ಬಿಲ್ಲೆ ಎಲ್ಲ ಹಾರಿಹೋಗುತ್ತವೆ.

ಇಲ್ಲೊಂದು ಎಚ್ಚರ. ‘ಸೈಡ್ ಕವರ್ ಬೀಗ ಸಾಕು, ಅದನ್ನೇ ತನ್ನಿ’ ಅನ್ನುವವರಿದ್ದಾರೆ. ಸೈಡ್ ಕವರ್, ಹೆಲ್ಮೆಟ್ ಲಾಕ್, ಪೆಟ್ರೋಲ್ ಮುಚ್ಚಳ ಇವುಗಳಲ್ಲಿ ಇಗ್ನಿಷನ್‌ಗಿಂತ ಕಡಿಮೆ ಪ್ಲೇಟುಗಳಿರುವುದು ಸಾಮಾನ್ಯ. ಅವುಗಳಿಂದ ಅಳತೆ ತೆಗೆದ ಕೀಗೆ ಕೆಲವು ಕಚ್ಚುಗಳು ಮಾತ್ರ ಸಿಗುತ್ತವೆ, ಉಳಿದದ್ದನ್ನು ಇಗ್ನಿಷನ್‌ನಿಂದಲೇ ತೆಗೆಯಬೇಕು. ಹಾಗಂತ ಅದು ವ್ಯರ್ಥವೂ ಅಲ್ಲ. ಆರರಲ್ಲಿ ನಾಲ್ಕು ಕಚ್ಚು ಗೊತ್ತಾದರೆ ಉಳಿದೆರಡನ್ನು ಹುಡುಕುವುದು ಬೇಗ.

ಮೂರನೆಯ ದಾರಿ, ಕಚ್ಚಾ ಕೀ ಅಂದರೆ ಬ್ಲ್ಯಾಂಕ್ ಹಾಕಿ ಗುರುತು ತೆಗೆಯುವುದು. ಕೀ ಮಾಡುವವರು ಗಾಡಿ ನಿಂತಲ್ಲಿಗೇ ಬಂದು ಮಾಡುವುದು ಇದನ್ನೇ. ಕೀ ಮೈಯ ಉದ್ದಕ್ಕೂ ಇರುವ ಗೀರುಗಳು ಬೀಗದ ಬಾಯಿಗೆ ಹೊಂದುವ ಬ್ಲ್ಯಾಂಕ್ ಆರಿಸಿ, ಅದರ ಅಂಚನ್ನು ಸಣ್ಣ ಅರದಿಂದ ನುಣ್ಣಗೆ ಮಾಡಿ, ಬೀಗಕ್ಕೆ ಹಾಕಿ ತಿರುವಿ, ಮೇಲೆ ಕೆಳಗೆ ಮೆಲ್ಲಗೆ ಅಲುಗಿಸುತ್ತಾರೆ. ಮಟ್ಟಕ್ಕೆ ಬಾರದ ಪ್ಲೇಟು ಬ್ಲ್ಯಾಂಕ್ ಮೇಲೆ ಕೂದಲೆಳೆಯಷ್ಟು ಗುರುತು ಬಿಡುತ್ತದೆ. ಗುರುತಿದ್ದಲ್ಲಿ ಮಾತ್ರ ಎರಡು ಉಜ್ಜು, ಮತ್ತೆ ಹಾಕಿ ನೋಡು, ಗುರುತು ಮಾಯವಾದರೆ ಅಲ್ಲಿಗೆ ಆ ಕಚ್ಚು ಮುಗಿಯಿತು. ನುರಿತ ಕೈಗೆ ಅರ್ಧ ಗಂಟೆಯಿಂದ ಒಂದು ಗಂಟೆಯ ಕೆಲಸ. ಇದಕ್ಕೆ ಹಿತ್ತಾಳೆಯ ಬ್ಲ್ಯಾಂಕೇ ಆಗಬೇಕು, ಉಕ್ಕಿನ ಮೇಲೆ ಗುರುತು ಮೂಡುವುದಿಲ್ಲ. ಕೆಲಸ ಮುಗಿದ ಮೇಲೆ ಬಂದ ಹಿತ್ತಾಳೆ ಕೀಯನ್ನು ದಿನಬಳಕೆಗೆ ಇಡದೆ, ಅದರಿಂದ ಗಟ್ಟಿ ಬ್ಲ್ಯಾಂಕ್ ಮೇಲೆ ಎರಡು ನಕಲು ತೆಗೆಸಿ. ಅಸಲು ಹಿತ್ತಾಳೆಯದನ್ನು ಮನೆಯಲ್ಲಿ ನೇತುಹಾಕಿ. ಮುಂದೆ ಎಂದಾದರೂ ನಕಲು ಬೇಕಾದರೆ ಅದರಿಂದಲೇ ಮಾಡಿಸಬೇಕು, ಜೇಬಿನಲ್ಲಿ ಸವೆದದ್ದರಿಂದ ಬೇಡ.

ದುಡ್ಡು ಕೊಡುವ ಮೊದಲು ಇಪ್ಪತ್ತು ಸಲ ಹಾಕಿ ತೆಗೆದು ನೋಡಿ. ಆನ್, ಆಫ್, ಹ್ಯಾಂಡಲ್ ಲಾಕ್, ಟ್ಯಾಂಕ್ ಎಲ್ಲ ಕಡೆ ತಿರುಗಬೇಕು. ಆನ್‌ನಲ್ಲಿರುವಾಗ ಕೀ ಎಳೆದರೆ ಬರಬಾರದು. ಹ್ಯಾಂಡಲ್ ಲಾಕನ್ನು ಮೊದಲ ಸಲ ಪರೀಕ್ಷಿಸುವಾಗ ಹ್ಯಾಂಡಲ್ ಪೂರ್ತಿ ತಿರುಗಿಸಿ, ಕೀ ಕೈಯಲ್ಲೇ ಹಿಡಿದು ಹಾಕಿ ತೆಗೆಯಿರಿ. ಹಾಕಿದ ಮೇಲೆ ಬಿಡದೆ ಹೋದರೆ ಕೀ ಮಾಡಿದವರು ಇನ್ನೂ ಎದುರಿಗೇ ಇರಬೇಕಲ್ಲ!

ಬೀಗವೇ ತುಕ್ಕು ಹಿಡಿದು ಸ್ಪ್ರಿಂಗು ಮುರಿದಿದ್ದರೆ ಮಾತ್ರ ಮೆಕ್ಯಾನಿಕ್ ಹೇಳಿದ ಲಾಕ್ ಸೆಟ್. ಅದರಲ್ಲಿ ಇಗ್ನಿಷನ್, ಹ್ಯಾಂಡಲ್ ಲಾಕ್, ಪೆಟ್ರೋಲ್ ಮುಚ್ಚಳ ಮುಂತಾದವು ಒಂದೇ ಕೀಗೆ ಹೊಂದಿಕೊಂಡು ಎರಡು ಕೀ ಜೊತೆ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬಹುದು. ‘ಇದಕ್ಕೂ ಅದೇ ಆಗುತ್ತೆ ಸಾರ್’ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಹಳೆಯದನ್ನು ಪಕ್ಕದಲ್ಲಿಟ್ಟು ಕಪ್ಲರ್‌ನ ಪಿನ್ನುಗಳು, ವೈರಿನ ಬಣ್ಣ, ಸ್ಕ್ರೂ ತೂತುಗಳ ನಡುವಿನ ಅಂತರ, ಹ್ಯಾಂಡಲ್ ಲಾಕಿನ ಗೂಟದ ಉದ್ದ ಒಂದೊಂದೂ ಹೋಲಿಸಿ.

ಮೂರು ಸಲ ಡೂಪ್ಲಿಕೇಟ್ ಮಾಡಿಸಿದೆ. ಮೂರೂ ಪೆಟ್ರೋಲ್ ಟ್ಯಾಂಕ್ ತೆರೆಯುತ್ತವೆ, ಇಗ್ನಿಷನ್ ಮಾತ್ರ ತಿರುಗಿಸುವುದಿಲ್ಲ. ಹಳೆ ಕೀ ಚೆನ್ನಾಗಿಯೇ ತಿರುಗುತ್ತದೆ. ಅಂಗಡಿಯವರು ನಿಮ್ಮ ಬೀಗವೇ ಸರಿಯಿಲ್ಲ ಅನ್ನುತ್ತಾರೆ. ಗಾಡಿ 1996ರ ಸ್ಪ್ಲೆಂಡರ್.
– ಓದುಗರು, ಶಿರಸಿ

ಟ್ಯಾಂಕ್ ತೆರೆಯುತ್ತದೆ ಅನ್ನುವುದೇ ಸುಳಿವು. ಮೇಲೆ ಹೇಳಿದಂತೆ ಮುಚ್ಚಳದಲ್ಲಿ ಪ್ಲೇಟು ಕಡಿಮೆ ಇರಬಹುದು, ಜೊತೆಗೆ ಅದರ ಬಿಗಿಯೂ ಸಡಿಲ. ಸ್ವಲ್ಪ ತಪ್ಪಿದ ಕೀಯನ್ನೂ ಅದು ಒಪ್ಪಿಕೊಳ್ಳುತ್ತದೆ, ಇಗ್ನಿಷನ್ ಒಪ್ಪುವುದಿಲ್ಲ. ನಿಮ್ಮ ಹಳೆ ಕೀಯೂ ಇಗ್ನಿಷನ್ ಬೀಗವೂ ಇಷ್ಟು ವರ್ಷ ಒಂದನ್ನೊಂದು ತಿಕ್ಕಿ ಒಟ್ಟಿಗೇ ಸವೆದಿವೆ, ಆದ್ದರಿಂದ ಅವೆರಡಕ್ಕೆ ಹೊಂದಾಣಿಕೆ. ಸವೆದ ಕೀಯ ನಕಲಿಗೆ ಆ ಸವೆತದ ಜೊತೆ ಯಂತ್ರದ ತಪ್ಪೂ ಸೇರಿಕೊಳ್ಳುತ್ತದೆ. ನಕಲಿನಿಂದ ನಕಲು ತೆಗೆದರಂತೂ ತಪ್ಪು ಬೆಳೆಯುತ್ತಲೇ ಹೋಗುತ್ತದೆ.

ನಕಲು ಯಂತ್ರದಲ್ಲಿ ಎರಡು ಹಿಡಿಕೆ. ಒಂದರಲ್ಲಿ ಹಳೆ ಕೀ, ಇನ್ನೊಂದರಲ್ಲಿ ಬ್ಲ್ಯಾಂಕ್. ಹಳೆ ಕೀ ಅಂಚಿನ ಮೇಲೆ ಒಂದು ಮೊನೆ ಜಾರುತ್ತದೆ, ಅದು ಏರಿ ಇಳಿದಂತೆ ಪಕ್ಕದ ಚಕ್ರ ಬ್ಲ್ಯಾಂಕನ್ನು ಕೊರೆಯುತ್ತದೆ. ತಪ್ಪಾಗುವುದು ಎರಡು ಕಡೆ. ಕೀಯ ತಲೆ ಕೆಳಗಿನ ಹೆಗಲು ಎರಡು ಹಿಡಿಕೆಯಲ್ಲೂ ಒಂದೇ ಗೆರೆಗೆ ಕೂರದಿದ್ದರೆ ಎಲ್ಲ ಕಚ್ಚುಗಳೂ ಒಟ್ಟಾಗಿ ಮುಂದಕ್ಕೋ ಹಿಂದಕ್ಕೋ ಸರಿಯುತ್ತವೆ. ಚಕ್ರ ಸವೆದು, ಮೊನೆಯನ್ನು ಅದಕ್ಕೆ ಸರಿಯಾಗಿ ಹೊಂದಿಸದಿದ್ದರೆ ಎಲ್ಲ ಕಚ್ಚುಗಳೂ ಒಂದೇ ಸಮ ಆಳ ಕಡಿಮೆಯೋ ಹೆಚ್ಚೋ ಆಗುತ್ತವೆ.

ಯಾವ ತಪ್ಪು ಎಂದು ಮನೆಯಲ್ಲೇ ನೋಡಬಹುದು. ಹೊಸ ಕೀಯನ್ನು ಪೂರ್ತಿ ಒಳಗೆ ತಳ್ಳಿ, ಮೆಲ್ಲಗೆ ತಿರುಗಿಸುವ ಒತ್ತಡ ಕೊಡುತ್ತಲೇ ಕೂದಲಷ್ಟು ಕೂದಲಷ್ಟೇ ಹೊರಗೆಳೆಯಿರಿ. ಒಂದು ಮಿಲಿಮೀಟರ್‌ನೊಳಗೆ ಎಲ್ಲೋ ಒಂದು ಕಡೆ ತಿರುಗಿಬಿಟ್ಟರೆ ಹೆಗಲಿನ ತಪ್ಪು, ಕಚ್ಚುಗಳು ತುದಿಯ ಕಡೆ ಸರಿದಿವೆ. ಅದನ್ನು ಉಜ್ಜಿ ಸರಿಮಾಡಲಾಗದು, ಹೊಸದಾಗಿ ಕತ್ತರಿಸಬೇಕು. ಇದಕ್ಕೆ ವಿರುದ್ಧವಾಗಿ, ಇನ್ನೂ ಸ್ವಲ್ಪ ಒಳಗೆ ಹೋದರೆ ಆಗುತ್ತದೆ ಅನ್ನಿಸಿದರೆ, ಕೀಯನ್ನು ಒಳಗೆ ತಡೆಯುತ್ತಿರುವ ತುದಿಯನ್ನೋ ಹೆಗಲನ್ನೋ ಒಂದೆರಡು ಉಜ್ಜು ಕಡಿಮೆ ಮಾಡಬಹುದು. ಎಲ್ಲೂ ತಿರುಗದಿದ್ದರೆ ಆಳದ ತಪ್ಪು. ಹಳೆಯದನ್ನೂ ಹೊಸದನ್ನೂ ಬೆನ್ನಿಗೆ ಬೆನ್ನು ಜೋಡಿಸಿ ಬೆಳಕಿಗೆ ಹಿಡಿದರೆ ಎಲ್ಲಿ ಕಿಂಡಿ ಇದೆ ಕಾಣುತ್ತದೆ.

ನಾಲ್ಕನೇ ನಕಲಿಗೆ ಅದೇ ಅಂಗಡಿಗೆ ಹೋಗುವ ಮೊದಲು ಎರಡು ಕೆಲಸ ಮಾಡಿ. ಗಾಡಿಯ ಜೊತೆ ಬಂದ ಎರಡನೇ ಕೀ ಬಳಸದೆ ಎಲ್ಲಾದರೂ ಉಳಿದಿದೆಯೇ ನೋಡಿ, ಇದ್ದರೆ ತೊಂದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಮಿಲಿಮೀಟರಿನ ಭಾಗವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಇರುವ ಕೀ ಅಂಗಡಿ ಹುಡುಕಿ, ಒಂದೊಂದು ಕಚ್ಚಿನ ತಳದಲ್ಲೂ ಕೀ ಎಷ್ಟು ಅಗಲ ಉಳಿದಿದೆ ಅಳೆಸಿ. ಕಾರ್ಖಾನೆಯವರು ಕಚ್ಚುಗಳನ್ನು ಮನಬಂದ ಆಳಕ್ಕೆ ಕೊರೆದಿರುವುದಿಲ್ಲ, ಮೂರು ನಾಲ್ಕು ನಿಗದಿ ಮೆಟ್ಟಿಲುಗಳಿರುತ್ತವೆ. ಅಳತೆಗಳು ಉದಾಹರಣೆಗೆ 6.0, 6.5, 7.0 ಮಿ.ಮೀ. ಸುತ್ತ ಗುಂಪಾಗಿ ಕಂಡು ನಡುವೆ ಒಂದು 6.4 ಬಂದರೆ ಅದು ಸವೆದ 6.5. ಸವೆದ ಕೀ ತೆಳುವಾಗುತ್ತದೆ ಹೊರತು ದಪ್ಪವಾಗದು, ಆದ್ದರಿಂದ ಸಂಶಯ ಬಂದಲ್ಲಿ ಮೇಲಿನ ಮೆಟ್ಟಿಲಿಗೇ ಸೇರಿಸಿ ಕತ್ತರಿಸಬೇಕು. ಹೀಗೆ ಕತ್ತರಿಸಿದ ಕೀ ಸವೆದ ಬೀಗದಲ್ಲಿ ಮೊದಲು ತುಸು ಬಿಗಿ ಅನ್ನಿಸಬಹುದು. ಕತ್ತರಿಸಿದಾಗ ಅಂಚಿನಲ್ಲಿ ಉಳಿದ ಚೂಪು ಎಳೆಗಳನ್ನು ಸಣ್ಣ ಅರದಿಂದ ತೆಗೆದು, ಒಂದು ವಾರ ಬಳಸಿದ ಮೇಲೆ ತೀರ್ಮಾನಿಸಿ.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ ಅನ್ನಿ, ಬೀಗವೂ ಸವೆದಿದೆ. ಆದರೆ ಹಳೆ ಕೀ ಅದನ್ನು ತಿರುಗಿಸುತ್ತಿರುವವರೆಗೆ ತಪ್ಪು ನಕಲಿನದು.

ಇನ್ನೊಂದು ಮಾತು. ಕೀಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ ‘ಇಂಥದ್ದು ಮಾಡಿ ಇಡಿ’ ಅನ್ನಬೇಡಿ. ನೇರವಾಗಿ ತೆಗೆದ ಸ್ಪಷ್ಟ ಫೋಟೋದಿಂದ ಕಚ್ಚುಗಳ ಆಳ ಓದಬಲ್ಲವರಿದ್ದಾರೆ.

ಚಾವಿ ಇಗ್ನಿಷನ್‌ನ್ಯಾಗೇ ಮುರದೈತಿ. ತಲಿ ನನ್ನ ಕೈಯಾಗ ಐತಿ, ಉಳದದ್ದು ಒಳಗ. ಫೆವಿಕ್ವಿಕ್ ಹಚ್ಚಿ ಎಳೀಬಹುದೇನು?
– ಓದುಗರು, ಧಾರವಾಡ

ದಯವಿಟ್ಟು ಹಚ್ಚಬೇಡಿ. ಅಂಟು ತುಂಡಿಗೆ ಹತ್ತುವ ಮೊದಲು ಪ್ಲೇಟುಗಳ ಸಂದಿಗೆ ಇಳಿಯುತ್ತದೆ. ಆಮೇಲೆ ಬೀಗ ಬದಲಿಸುವುದೊಂದೇ ಉಳಿಯುವ ದಾರಿ.

ಮುರಿದಾಗ ಬೀಗ ಯಾವ ಸ್ಥಾನದಲ್ಲಿತ್ತು? ಕೀ ಹೊರಗೆ ಬರುವುದು ಆಫ್ ಅಥವಾ ಲಾಕ್ ಸ್ಥಾನದಲ್ಲಿ ಮಾತ್ರ. ಆನ್‌ನಲ್ಲಿ ಮುರಿದಿದ್ದರೆ, ತುಂಡಿನ ಮೇಲೆ ತೆಳು ಸ್ಕ್ರೂಡ್ರೈವರ್ ಇಟ್ಟು ಬಲ ಹಾಕದೆ ಮೊದಲು ಆಫ್‌ಗೆ ತನ್ನಿ. ಒಳಗಿನ ತುಂಡು ಪ್ಲೇಟುಗಳನ್ನು ಇನ್ನೂ ಮಟ್ಟದಲ್ಲೇ ಹಿಡಿದಿದ್ದರೆ ಬೀಗ ತಿರುಗುತ್ತದೆ. ಆಮೇಲೆ ತೆಳುವಾದ ಎಣ್ಣೆ ಸ್ಪ್ರೇ ಸ್ವಲ್ಪ ಬಿಟ್ಟು ಐದು ನಿಮಿಷ ಕಾಯಿರಿ. ಮರಗೆಲಸದವರು ಬಳಸುವ ಕೂದಲೆಳೆ ಗರಗಸದ ಬ್ಲೇಡು ಸಿಕ್ಕರೆ ಅದಕ್ಕಿಂತ ಒಳ್ಳೆ ಉಪಕರಣವಿಲ್ಲ. ಬ್ಲೇಡಿನ ಹಲ್ಲುಗಳು ನಿಮ್ಮ ಕಡೆಗೆ ಬಾಗಿರುವಂತೆ ಹಿಡಿದು, ಕೀಯ ಕಚ್ಚುಗಳಿರುವ ಅಂಚಿನ ಪಕ್ಕ ಒಳಗೆ ಜಾರಿಸಿ, ಸ್ವಲ್ಪ ಓರೆ ಮಾಡಿ, ಹಲ್ಲು ಕಚ್ಚಿಗೆ ಸಿಕ್ಕಿದ ಮೇಲೆ ನೇರವಾಗಿ ಎಳೆಯಿರಿ. ಒಂದೇ ಎಳೆತಕ್ಕೆ ಬರದಿದ್ದರೆ ಬೇಸರಪಡಬೇಡಿ, ಹತ್ತು ಹನ್ನೆರಡು ಸಲ ಬೇಕಾಗಬಹುದು. ಹೇರ್‌ಪಿನ್, ಸೂಜಿ ಹಾಕಿದರೆ ತುಂಡು ಇನ್ನೂ ಒಳಗೆ ಹೋಗುವುದೇ ಹೆಚ್ಚು. ಎರಡನೇ ಚಾವಿ ತುರುಕಿ ನೋಡುವುದೂ ಬೇಡ, ಅದು ಸುತ್ತಿಗೆಯ ಕೆಲಸ ಮಾಡುತ್ತದೆ.

ತುಂಡು ಬಂದರೆ ಎಸೆಯಬೇಡಿ. ಎರಡು ತುಂಡುಗಳನ್ನೂ ಯಂತ್ರದ ಹಿಡಿಕೆಯಲ್ಲಿ ಮುರಿದ ಗೆರೆಗೆ ಕೂಡಿಸಿ ಹಿಡಿದು ನಕಲು ತೆಗೆಯಬಹುದು. ಬೆಸುಗೆ ಹಾಕಿಸಿ ತಂದರೆ ನಕಲು ಕೆಡುತ್ತದೆ, ಬೆಸುಗೆಯ ಉಬ್ಬು ಉದ್ದವನ್ನೇ ಬದಲಿಸಿರುತ್ತದೆ.

ಚಾವಿ ಸುಮ್ಮನೆ ಮುರಿಯುವುದಿಲ್ಲ. ಆಳವಾದ ಕಚ್ಚಿನ ಹತ್ತಿರ ಮೊದಲೇ ಬಿರುಕು ಬಿಟ್ಟಿರುತ್ತದೆ. ಬೀಗ ಬಿಗಿಯಾದಾಗ ಎಣ್ಣೆ ಹಾಕುವ ಬದಲು ಬಲ ಹಾಕಿದ್ದು, ಕೀಯಿಂದ ಸೋಡಾ ಮುಚ್ಚಳ ಎಬ್ಬಿಸಿದ್ದು, ಪೆಟ್ರೋಲ್ ಮುಚ್ಚಳವನ್ನು ಕೀ ಹಿಡಿದೇ ಎತ್ತಿದ್ದು, ಇಂಥವೇ ಕಾರಣ. ಹೊಸದು ಮಾಡಿಸುವಾಗ ಬ್ಲ್ಯಾಂಕನ್ನು ಕೈಯಲ್ಲಿ ಹಿಡಿದು ನೋಡಿ. ತೀರಾ ಹಗುರವಾಗಿ, ಬೂದು ಬಣ್ಣಕ್ಕಿರುವ ಎರಕದ ಬ್ಲ್ಯಾಂಕ್ ಬೇಡ, ಅದು ಬಾಗುವ ಮೊದಲೇ ಮುರಿಯುತ್ತದೆ. ನಿಕಲ್ ಲೇಪದ ಹಿತ್ತಾಳೆ ಸಾಕು.

ತಂದೆಯವರ ಜಾವಾ ಮನೆಯಲ್ಲಿದೆ. ಹೆಡ್‌ಲೈಟ್ ಮೇಲೆ ಮೊಳೆಯಂಥ ಕೀ ಒತ್ತಿ ತಿರುಗಿಸುವ ಕಾಲದ್ದು. ಆ ಕೀ ಕಳೆದಿದೆ. ಅದರಲ್ಲಿ ಕಚ್ಚುಗಳೇ ಇಲ್ಲವಲ್ಲ, ನಕಲು ಹೇಗೆ? ಯಾರ ಕೀಯಾದರೂ ಆಗುತ್ತದೆ ಅನ್ನುವುದು ನಿಜವೇ?
– ಓದುಗರು, ಮೈಸೂರು

ನಿಜ. ನಿಮ್ಮೂರಿನದೇ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು, ಜಾವಾ ಹೆಸರಿನ ನಂತರ ಯೆಜ್ಡಿ ಬಂತು. ಹಳೆ ಜಾವಾಗಳ ಹೆಡ್‌ಲೈಟ್ ಮೇಲಿನ ಆ ಸಾಧನ ಬೀಗವಲ್ಲ, ವಿದ್ಯುತ್ ಸ್ವಿಚ್ಚು. ಒಳಗೆ ಪ್ಲೇಟಿಲ್ಲ, ಸ್ಪ್ರಿಂಗಿನ ಮೇಲೆ ಕೂತ ಕಾಂಟ್ಯಾಕ್ಟುಗಳಿವೆ. ಮೊಳೆ ಅವನ್ನು ಒತ್ತಿ ಜೋಡಿಸುತ್ತದೆ ಅಷ್ಟೇ. ಒಂದು ಗಾಡಿಯ ಮೊಳೆ ಇನ್ನೊಂದಕ್ಕೆ ಹೋಗುತ್ತದೆ.

ಹೊಸದಾಗಿ ಮಾಡಿದ ಮೊಳೆ ಕೀಗಳು ಹಳೆ ಜಾವಾ, ಯೆಜ್ಡಿ ಬಿಡಿಭಾಗ ಮಾರುವವರ ಬಳಿ ಸಿಗುತ್ತವೆ. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಕಡೆಸಬಹುದು. ಮಾದರಿಗೆ ಇನ್ನೊಬ್ಬ ಜಾವಾ ಮಾಲೀಕರ ಕೀ ಅರ್ಧ ಗಂಟೆ ಕೇಳಿ ಪಡೆಯಿರಿ. ಮೈಸೂರಿನಲ್ಲಿ ಅದಕ್ಕೆ ಬರವಿರಲಾರದು. ಗಮನಿಸಬೇಕಾದ್ದು ಉದ್ದ ಮತ್ತು ದಪ್ಪ. ಮೊಳೆ ಗಿಡ್ಡವಾದರೆ ಕಾಂಟ್ಯಾಕ್ಟ್ ಅರ್ಧ ಕೂತು, ಗುಂಡಿಯಲ್ಲಿ ಗಾಡಿ ಕುಲುಕಿದಾಗ ಎಂಜಿನ್ ತಪ್ಪುತ್ತದೆ. ಜನ ಕಾರ್ಬುರೇಟರ್ ಬಿಚ್ಚಿ ಕೂರುತ್ತಾರೆ, ತಪ್ಪು ಕೀಯಲ್ಲಿರುತ್ತದೆ! ದಪ್ಪವಾದರೆ ಬಿಸಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯ ಕಬ್ಬಿಣದ ಮೊಳೆ ಹಾಕಿ ಓಡಿಸುವವರಿದ್ದಾರೆ. ಅದು ತುಕ್ಕು ಬಿಟ್ಟು ಸ್ವಿಚ್ಚಿನ ಬಾಯಿಯನ್ನೇ ಕೊರೆಯುತ್ತದೆ.

ಕೀ ಆನ್‌ನಲ್ಲೇ ಮರೆತು ಹೋಗಬೇಡಿ. ಇದು ಬ್ಯಾಟರಿ-ಕಾಯಿಲ್ ಗಾಡಿ, ಅಂದರೆ ಬ್ಯಾಟರಿಯ ಕರೆಂಟಿನಿಂದ ಕಾಯಿಲ್ ಕಿಡಿ ಹುಟ್ಟಿಸುತ್ತದೆ. ಎಂಜಿನ್ ನಿಂತಾಗ ಆ ಕರೆಂಟನ್ನು ಬಿಟ್ಟು ಹಿಡಿಯುವ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಮೂಲಕ ಕರೆಂಟು ಹರಿಯುತ್ತಲೇ ಇರುತ್ತದೆ. ಆರು ವೋಲ್ಟಿನ ಬ್ಯಾಟರಿ ಬರಿದಾಗುವ ಹೊತ್ತಿಗೆ ಕಾಯಿಲ್ಲೂ ಕಾದಿರುತ್ತದೆ.

ಕಳ್ಳತನದ ಭಯಕ್ಕೆ ಹ್ಯಾಂಡಲ್ ಬೀಗವನ್ನು ಕೆಲಸ ಮಾಡುವ ಸ್ಥಿತಿಯಲ್ಲಿಡಿ, ಚಕ್ರಕ್ಕೆ ಚೈನು ಹಾಕಿ. ಕಾಯಿಲ್‌ಗೆ ಹೋಗುವ ವೈರಿನ ನಡುವೆ ಗುಟ್ಟಾದ ಜಾಗದಲ್ಲಿ ಇನ್ನೊಂದು ಸ್ವಿಚ್ ಇಡಿಸಬಹುದು. ಅದು ಕನಿಷ್ಠ 10 ಆಂಪಿಯರ್ ತಾಳುವ, ನೀರು ಹೋಗದ ಸ್ವಿಚ್ ಆಗಿರಲಿ. ರೇಡಿಯೊ ರಿಪೇರಿ ಅಂಗಡಿಯ ಪುಟಾಣಿ ಸ್ವಿಚ್ ಹಾಕಿದರೆ ಕಾಂಟ್ಯಾಕ್ಟ್ ಸುಟ್ಟು ನಡುದಾರಿಯಲ್ಲಿ ನಿಲ್ಲಿಸುತ್ತದೆ.

ಹೊಸ ಲಾಕ್ ಸೆಟ್ ಹಾಕಿಸಿದ ಮೇಲೆ ಎರಡು ತೊಂದರೆ. ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ, ಗೇರಿನಲ್ಲಿ ಹಾಕಿ ಬ್ರೇಕ್ ಹಿಡಿದು ನಿಲ್ಲಿಸುತ್ತೇನೆ. ಜೊತೆಗೆ ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ತಾನಾಗಿಯೇ ನಿಲ್ಲುತ್ತದೆ. ನೂರು ಸಿಸಿ, ಟೂ ಸ್ಟ್ರೋಕ್.
– ಓದುಗರು, ದಾವಣಗೆರೆ

ನಿಲ್ಲಿಸಿದರೆ ನಿಲ್ಲದು, ಬಿಟ್ಟರೆ ನಿಲ್ಲುತ್ತದೆ. ಎರಡೂ ಲಾಕ್ ಸೆಟ್ಟಿನದೇ ದೋಷ, ಆದರೆ ಕಾರಣ ಬೇರೆ ಬೇರೆ.

ಮೊದಲನೆಯದು ಸ್ವಿಚ್ಚಿನ ಜಾತಿ. ಬ್ಯಾಟರಿ-ಕಾಯಿಲ್ ಗಾಡಿಯಲ್ಲಿ ಕೀ ಆಫ್ ಆದಾಗ ಸ್ವಿಚ್ ವೈರನ್ನು ಬೇರ್ಪಡಿಸುತ್ತದೆ. ಎಂಜಿನ್ ತಿರುಗುವಾಗ ಹುಟ್ಟುವ ಕರೆಂಟಿನಿಂದಲೇ ಕಿಡಿ ಕೊಡುವ ಮ್ಯಾಗ್ನೆಟೊ ಸಿಡಿಐ ಗಾಡಿಯಲ್ಲಿ ಇದು ತಿರುವುಮುರುವು, ಆಫ್ ಆದಾಗ ಎರಡು ವೈರು ಒಳಗೆ ಕೂಡಿಕೊಂಡು ಕಿಡಿಯನ್ನು ಗಾಡಿಯ ಲೋಹದ ಮೈಗೆ, ಅಂದರೆ ಅರ್ಥ್‌ಗೆ ಇಳಿಸಬೇಕು. ನಿಮಗೆ ಕೊಟ್ಟಿರುವುದು ಬೇರೆ ಜಾತಿಯ ಸ್ವಿಚ್ ಆಗಿರಬೇಕು, ಇಲ್ಲವೇ ಅರ್ಥ್ ವೈರು ಕಪ್ಲರ್‌ನಲ್ಲಿ ಸರಿಯಾಗಿ ಕೂತಿಲ್ಲ. ಮಲ್ಟಿಮೀಟರನ್ನು (ಕರೆಂಟು ಅಳೆಯುವ ಮೀಟರ್) ವೈರು ಕೂಡಿದ್ದರೆ ಸದ್ದು ಮಾಡುವ ಬೀಪ್ ಸ್ಥಾನಕ್ಕಿಟ್ಟು ಕಪ್ಲರ್‌ನ ಪಿನ್ನುಗಳನ್ನು ನೋಡಿ. ಆಫ್‌ನಲ್ಲಿ ಸಿಡಿಐನಿಂದ ಬರುವ ವೈರಿಗೂ ಅರ್ಥ್‌ಗೂ ಬೀಪ್ ಬರಬೇಕು, ಆನ್‌ನಲ್ಲಿ ಬರಬಾರದು. ಆನ್‌ನಲ್ಲಿ ಬ್ಯಾಟರಿಯ ವೈರಿಗೂ ಹಾರ್ನ್-ಇಂಡಿಕೇಟರ್ ವೈರಿಗೂ ಬೀಪ್ ಬರಬೇಕು. ಲಾಕ್ ಸೆಟ್ ಕೊಳ್ಳುವಾಗ ಅಂಗಡಿಯ ಗಲ್ಲಾ ಮುಂದೆಯೇ ಮಾಡಬಹುದಾದ ಎರಡು ನಿಮಿಷದ ಪರೀಕ್ಷೆ ಇದು. ವೈರಿನ ಬಣ್ಣ ಹೊಂದಿತು ಎಂದು ನಂಬಬೇಡಿ, ಒಂದು ಕಂಪನಿಯ ಬಣ್ಣಕ್ಕೆ ಇನ್ನೊಂದರಲ್ಲಿ ಅರ್ಥವೇ ಬೇರೆ.

ಎರಡನೆಯದು ಪೆಟ್ರೋಲ್ ಮುಚ್ಚಳ. ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು, ಅದಕ್ಕೆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅಗ್ಗದ ಮುಚ್ಚಳಗಳಲ್ಲಿ ರಬ್ಬರ್ ವಾಷರ್ ಅದರ ಮೇಲೇ ಕೂತಿರುತ್ತದೆ, ಇಲ್ಲವೇ ತೂತು ಅರ್ಧಕ್ಕೇ ನಿಂತಿರುತ್ತದೆ. ಟ್ಯಾಂಕಿನೊಳಗೆ ಗಾಳಿ ತೆಳುವಾಗಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಮುಂದಿನ ಸಲ ನಿಂತಾಗ ಮುಚ್ಚಳ ತೆರೆಯಿರಿ. ‘ಸುಯ್’ ಎಂದು ಗಾಳಿ ಎಳೆದುಕೊಂಡು, ಒಂದು ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆದರೆ ಸಂಶಯವೇ ಬೇಡ. ಮುಚ್ಚಳ ಬಿಚ್ಚಿ ಟ್ಯಾಂಕಿನಿಂದ ದೂರ ಒಯ್ದು ಬಾಯಿಂದ ಊದಿ ನೋಡಿ, ತೆಳು ತಂತಿಯಿಂದ ತೂತು ಬಿಡಿಸಿ. ಟ್ಯಾಂಕಿನ ಮೇಲೇ ಡ್ರಿಲ್ ಹಿಡಿಯುವ ಸಾಹಸ ಮಾತ್ರ ಬೇಡ.

ಹಳೆ ಮುಚ್ಚಳ ಎಸೆದಿಲ್ಲವಾದರೆ ಇನ್ನೂ ಒಳ್ಳೆಯ ಉಪಾಯವಿದೆ. ಕೀ ಮಾಡುವವರು ಅದರೊಳಗಿನ ಪ್ಲೇಟುಗಳ ಜಾಗ ಅದಲುಬದಲು ಮಾಡಿ ಹೊಸ ಕೀಗೆ ಹೊಂದಿಸಬಲ್ಲರು, ಎರಡೂ ಕೀಗಳ ಗೀರು ಒಂದೇ ಆಗಿದ್ದರೆ. ಹಳೆ ಅಸಲು ಮುಚ್ಚಳದ ಗಟ್ಟಿತನ ಈಗಿನವಕ್ಕೆ ಬರುವುದಿಲ್ಲ. ಮನೆಯಲ್ಲೇ ಪ್ರಯತ್ನಿಸುವುದಾದರೆ ಬಿಳಿ ಪಂಚೆ ಹಾಸಿಕೊಂಡು ಕೂತುಕೊಳ್ಳಿ. ಆ ಸ್ಪ್ರಿಂಗುಗಳು ಸಾಸಿವೆ ಕಾಳಿಗಿಂತ ತುಸು ದೊಡ್ಡವು, ಒಂದು ಹಾರಿದರೆ ಮತ್ತೆ ಸಿಗುವುದಿಲ್ಲ.

ಬೆಳಿಗ್ಗೆ ಹೊತ್ತು ಕೀ ಒಳಗೇ ಹೋಗುವುದಿಲ್ಲ, ಮಧ್ಯಾಹ್ನ ಸರಿಹೋಗುತ್ತದೆ. ಆಗಾಗ ಕೊಬ್ಬರಿ ಎಣ್ಣೆ ಬಿಡುತ್ತಿದ್ದೇನೆ.
– ಓದುಗರು, ಮಡಿಕೇರಿ

ಆ ಎಣ್ಣೆಯೇ ಕಾರಣ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಬೆಳಗಿಗೆ ಬಾಟಲಿಯಲ್ಲಿ ಗಟ್ಟಿಯಾದದ್ದು ಬೀಗದಲ್ಲಿ ಬಿಡುತ್ತದೆಯೇ? ಸ್ಪ್ರೇ ಕ್ಲೀನರ್ ಬಿಟ್ಟು ಕೀಯನ್ನು ಹತ್ತಾರು ಸಲ ಆಡಿಸಿ, ಹೊರಬಂದ ಕಪ್ಪು ಜಿಡ್ಡು ಬಟ್ಟೆಯಲ್ಲಿ ಒರೆಸಿ, ಕೀ ಸ್ವಚ್ಛವಾಗಿ ಬರುವ ತನಕ ಮುಂದುವರಿಸಿ. ಒಂದು ದಿನ ಒಣಗಲಿ. ಆಮೇಲೆ ಗ್ರಾಫೈಟ್ ಪುಡಿ, ಕೀಯ ಎರಡೂ ಬದಿಗೆ ಮೆತ್ತಿ ಒಳಗೆ ಹೊರಗೆ ಆಡಿಸುವಷ್ಟು ಸಾಕು. ಎಣ್ಣೆಯ ಮೇಲೇ ಗ್ರಾಫೈಟ್ ಹಾಕಿದರೆ ಕಾಡಿಗೆಯಂತೆ ಕಲಸಿಕೊಳ್ಳುತ್ತದೆ.

ಕೀ ಮಾಡುವವರು ಆರ್‌ಸಿ ಕೇಳಿದರು. ಗಾಡಿ ತೀರಿಕೊಂಡ ಚಿಕ್ಕಪ್ಪನ ಹೆಸರಲ್ಲಿದೆ. ಪೊಲೀಸ್ ದೂರು ಬೇಕೇ? ಬೀಗ ಬದಲಿಸಿದರೆ ಆರ್‌ಟಿಒಗೆ ತಿಳಿಸಬೇಕೇ?
– ಓದುಗರು, ಕಲಬುರಗಿ

ಆರ್‌ಸಿ ಕೇಳಿದವರನ್ನು ನಂಬಿ, ಕೇಳದೆ ಮಾಡಿಕೊಡುವವರನ್ನೇ ಅನುಮಾನಿಸಬೇಕು. ಆರ್‌ಸಿ, ನಿಮ್ಮ ಗುರುತಿನ ಚೀಟಿ, ಚಿಕ್ಕಪ್ಪನ ಮರಣ ಪ್ರಮಾಣಪತ್ರದ ಪ್ರತಿ ಒಯ್ಯಿರಿ, ಚಿಕ್ಕಮ್ಮನೋ ಅವರ ಮಕ್ಕಳೋ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಫ್ರೇಮಿನ ಮೇಲಿನ ಛಾಸಿ ನಂಬರನ್ನು ಆರ್‌ಸಿಗೆ ಹೋಲಿಸಿ ತೋರಿಸಿ.

ಬೀಗ ಬದಲಿಸಿದ್ದಕ್ಕೆ ಆರ್‌ಟಿಒ ಕಾಗದ ಬೇಕಿಲ್ಲ. ಹೆಸರು ಬದಲಿಸುವುದು ಬೇಕು. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ತಡವಾಗಿದ್ದರೆ ದಂಡ ಕಟ್ಟಿ ಮಾಡಿಸಿಕೊಳ್ಳಿ. 15 ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಣವಾಗಿದೆಯೇ ಅದನ್ನೂ ನೋಡಿ, ನವೀಕರಣ ಐದೈದು ವರ್ಷಕ್ಕೆ.

ಪೊಲೀಸರಿಗೆ ಕೊಡುವ ‘ಕಳೆದಿದೆ’ ಎಂಬ ಅರ್ಜಿ ಇಲ್ಲದೆಯೂ ಕೀ ಮಾಡಿಸಬಹುದು. ಆದರೆ ಗಾಡಿಗೆ ಕಳ್ಳತನಕ್ಕೂ ಸೇರಿದ ವಿಮೆ ಇದ್ದರೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಗಾಡಿ ಕಳವಾದರೆ ವಿಮೆಯವರು ಮೊದಲು ಕೇಳುವುದು ಎರಡೂ ಅಸಲು ಕೀಗಳನ್ನು. ಬರೀ ಥರ್ಡ್ ಪಾರ್ಟಿ ವಿಮೆಯಾದರೆ ಕಳ್ಳತನಕ್ಕೆ ಪರಿಹಾರವೇ ಇಲ್ಲ, ಆ ಮಾತು ಬಿಡಿ.

ಓಡುತ್ತಿರುವಾಗಲೇ ಕೀ ತಾನಾಗಿ ಕಳಚಿ ಬೀಳುತ್ತದೆ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ. ಹೊಸ ಕೀ ಮಾಡಿಸಿದರೆ ಸರಿಹೋದೀತೇ?
– ಓದುಗರು, ತುಮಕೂರು

ಮೊದಲು ಅದನ್ನೇ ಮಾಡಿಸಿ, ಸವೆಯದ ಕೀಯಿಂದ ಅಥವಾ ಅಳತೆ ತೆಗೆದು. ಹೊಸ ಕೀಯನ್ನೂ ಆನ್‌ನಲ್ಲಿ ಎಳೆದರೆ ಬರುತ್ತಿದ್ದರೆ ಸವೆದಿರುವುದು ಬೀಗದ ಪ್ಲೇಟುಗಳು. ಆಗ ಯಾವುದೋ ಸಣ್ಣ ಚಾಕು ಹಾಕಿದರೂ ನಿಮ್ಮ ಗಾಡಿ ತಿರುಗುತ್ತದೆ, ಇಗ್ನಿಷನ್ ಬದಲಿಸಿ. ಅಲ್ಲಿಯವರೆಗೆ ಮನೆ, ಬೀರು, ಅಂಗಡಿಯ ಕೀಗಳ ಗೊಂಚಲನ್ನು ಅದಕ್ಕೆ ನೇತುಹಾಕಬೇಡಿ. ಗುಂಡಿ ಬಿದ್ದ ರಸ್ತೆಯಲ್ಲಿ ಆ ಭಾರ ಕುಣಿದು ಕೀಯನ್ನು ಕೆಳಗೆ ಎಳೆಯುತ್ತದೆ, ಪ್ಲೇಟುಗಳನ್ನು ಸವೆಸುವುದೂ ಅದೇ. ಬೈಕಿನ ಕೀ ಒಂಟಿಯಾಗಿರಲಿ, ಹೆಚ್ಚೆಂದರೆ ಒಂದು ತುಂಡು ಚರ್ಮದ ಪಟ್ಟಿ.